ಅಲ್ಯೂಮಿನಿಯಂಗೆ ಮೆಗ್ನೀಸಿಯಂ ಬೆಸೆಯುವಾಗ ಶಾಖದ ಲೆಕ್ಕ

ಅಲ್ಯೂಮಿನಿಯಂ ತಗಡಿಗೆ ಮೆಗ್ನೀಸಿಯಂ ತಗಡನ್ನು ಬೆಸೆಯಬೇಕೆಂದಾಗ ಹೊಸ ಎಂಜಿನಿಯರುಗಳು ಮೊದಲು ಕರಗುವ ಬಿಂದು ನೋಡುತ್ತಾರೆ. ಒಂದು 660 ಡಿಗ್ರಿ ಸೆಲ್ಸಿಯಸ್, ಇನ್ನೊಂದು 650. ಇಷ್ಟು ಹತ್ತಿರವಿದ್ದ ಮೇಲೆ ಕಷ್ಟವೇನು ಎಂದು ಕೇಳುತ್ತಾರೆ. ಕಷ್ಟ ಶುರುವಾಗುವುದು ಎರಡೂ ಬೆರೆತ ಮೇಲೆ. ಕರಗಿಸಿ ಬೆಸೆದರೆ ನಡುವೆ ಅಂತರ್ಲೋಹೀಯ ಸಂಯುಕ್ತಗಳು, ಅಂದರೆ ಎರಡು ಲೋಹಗಳೂ ಸೇರಿ ಆಗುವ ಸಂಯುಕ್ತಗಳು, ದಪ್ಪಗೆ ಬೆಳೆಯುತ್ತವೆ. ಅವು ಗಾಜಿನಷ್ಟು ಪೆಡಸು. ಸ್ವಲ್ಪ ಬಾಗಿಸಿದರೆ ಜಾಯಿಂಟ್ ಮುರಿಯುತ್ತದೆ.

ಇದಕ್ಕೇ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಬೇಕು. 1991ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ವಿಧಾನ ಇದು. ತಿರುಗುವ ಟೂಲಿನ ಪಿನ್ ಎರಡು ತಗಡುಗಳ ಅಂಚಿಗೆ ಇಳಿಯುತ್ತದೆ, ಮೇಲಿನ ಅಗಲವಾದ ಶೋಲ್ಡರ್ ಒತ್ತಿ ಉಜ್ಜುತ್ತದೆ. ಲೋಹ ಮೆತ್ತಗಾದರೂ ಕರಗದೆ, ಘನವಾಗಿದ್ದುಕೊಂಡೇ ಕಲಸಿ ಬೆಸೆದುಕೊಳ್ಳುತ್ತದೆ.

ಆದರೆ ಈ ಜೋಡಿಯ ವಿಷಯದಲ್ಲಿ ‘ಇಲ್ಲಿ ಏನೂ ಕರಗುವುದಿಲ್ಲ’ ಎಂದು ನಂಬಿಕೊಂಡು ಕೂರುವಂತಿಲ್ಲ. ಮೆಗ್ನೀಸಿಯಂ ಹೆಚ್ಚಿರುವ ಕಡೆ ಬೆರಕೆ ಸುಮಾರು 437 ಡಿಗ್ರಿಗೆ ಕರಗತೊಡಗುತ್ತದೆ, ಅಲ್ಯೂಮಿನಿಯಂ ಕಡೆ ಸುಮಾರು 450ಕ್ಕೆ. ಕಲಸುವ ಜಾಗದ ಬಿಸಿ ಅಲ್ಲಿಗೆ ಸಲೀಸಾಗಿ ಮುಟ್ಟುತ್ತದೆ. ತೆಳುವಾದ ದ್ರವದ ಪದರ ಹುಟ್ಟಿತೆಂದರೆ ನಾವು ತಪ್ಪಿಸಿಕೊಂಡು ಬಂದ ಪೆಡಸು ಸಂಯುಕ್ತವೇ ಮತ್ತೆ ಎದುರಾಗುತ್ತದೆ.

ಆದ್ದರಿಂದ ಟೂಲಿನ ಸುತ್ತು ತಗ್ಗಿಸಿ, ಮುಂದೆ ಸಾಗುವ ವೇಗ ಹೆಚ್ಚಿಸುತ್ತೇವೆ. ಅದೂ ಅತಿಯಾದರೆ ಲೋಹ ತುಂಬಿಕೊಳ್ಳದೆ ಒಳಗೆ ಸುರಂಗದಂಥ ಟೊಳ್ಳು ಉಳಿಯುತ್ತದೆ. ಮೇಲ್ಮೈ ಮಾತ್ರ ನುಣುಪಾಗಿ, ಅರ್ಧವರ್ತುಲದ ಗೆರೆಗಳೊಂದಿಗೆ ಚೆಂದವಾಗಿಯೇ ಕಾಣುತ್ತದೆ! ಆ ಚೆಂದಕ್ಕೆ ನಾನು ಅಂಕ ಕೊಡುವುದಿಲ್ಲ. ತುಂಡು ಕತ್ತರಿಸಿ, ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಡಿ ಇಡಬೇಕು. ಎರಡು ಲೋಹಗಳು ಕೊಕ್ಕೆ ಹಾಕಿದಂತೆ ಒಂದರೊಳಗೊಂದು ಸಿಕ್ಕಿಕೊಂಡು, ನಡುವಿನ ಸಂಯುಕ್ತದ ಪಟ್ಟಿ ಕೆಲವೇ ಮೈಕ್ರೋಮೀಟರ್ ಇದ್ದರೆ ಸಮಾಧಾನ. ಎಳೆದು ಮುರಿದಾಗ ಸೀಳು ಚಪ್ಪಟೆಯಾಗಿ, ನೇರವಾಗಿ ಗಡಿಯ ಗುಂಟ ಓಡಿದರೆ ಆ ಸೆಟ್ಟಿಂಗ್ ಕೈಬಿಡುವುದೇ ಲೇಸು. ಪಿನ್ನನ್ನು ಮೆಗ್ನೀಸಿಯಂ ಕಡೆಗೆ ತುಸು ಸರಿಸಿದರೆ ಬೆರಕೆ ಕಡಿಮೆಯಾಗಿ ಎಷ್ಟೋ ಬಾರಿ ಕೆಲಸ ಸುಧಾರಿಸುತ್ತದೆ. ನೀರು ಹರಿಸಿ ತಣಿಸುವುದೂ ಉಂಟು.

ಜಾಯಿಂಟ್ ಗಟ್ಟಿಯಾಯಿತೆಂದು ಕಳುಹಿಸಿಬಿಡಬಾರದು. ತೇವ ತಾಗಿದರೆ ಮೆಗ್ನೀಸಿಯಂ ತಾನೇ ಸವೆದು ಅಲ್ಯೂಮಿನಿಯಂ ಅನ್ನು ಕಾಯುತ್ತದೆ. ಸವೆಯುವುದು ಮೆಗ್ನೀಸಿಯಂ ತಾನೇ ಎಂದು ಅದಕ್ಕೆ ಮಾತ್ರ ಬಣ್ಣ ಬಳಿದವರಿದ್ದಾರೆ. ಆಗ ಬಣ್ಣವಿಲ್ಲದ ಅಲ್ಯೂಮಿನಿಯಂನ ಅಗಲ ಮೈಯಿಂದಾಗಿ, ಬಣ್ಣ ಎದ್ದ ಸಣ್ಣ ಚುಕ್ಕೆಯೊಂದರ ಮೇಲೆ ಇಡೀ ಸವೆತ ಕೇಂದ್ರೀಕರಿಸಿ ಅಲ್ಲಿ ಗುಂಡಿ ಬೀಳುತ್ತದೆ. ಲೇಪನ ಎರಡೂ ಕಡೆ ಬೇಕು. ಒಂದೇ ಕಡೆಗೆ ಸಾಧ್ಯವೆಂದಾದರೆ ಅಲ್ಯೂಮಿನಿಯಂ ಕಡೆಗೆ ಬಳಿಯಿರಿ.