ಮಾತುಗಾರ ಮಕ್ಕಳೇ ಇಲ್ಲದ ಶಾಲೆಯಲ್ಲಿ ಡಿಬೇಟ್ ತಂಡ ಕಟ್ಟಬಹುದೇ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಹೈಸ್ಕೂಲು, ಕನ್ನಡ ಮಾಧ್ಯಮ. ಡಿಬೇಟ್ ತಂಡ ಕಟ್ಟಬೇಕೆಂದಿದೆ. ಆದರೆ ಚೆನ್ನಾಗಿ ಮಾತಾಡುವ ಮಕ್ಕಳು ಒಬ್ಬಿಬ್ಬರಿದ್ದರೆ ಹೆಚ್ಚು. ಇಂಗ್ಲಿಷಂತೂ ದೂರವೇ ಉಳಿಯಿತು. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಟ್ಟಬಹುದು. ಎಂಟು ಮಕ್ಕಳು, ವಾರಕ್ಕೊಮ್ಮೆ ಒಂದೂವರೆ ಗಂಟೆ, ಒಂದು ಗಡಿಯಾರ, ಒಂದಷ್ಟು ಖಾಲಿ ಹಾಳೆ ಇದ್ದರೆ ಸಾಕು. ವಿವರ ಮುಂದಿದೆ. ಅದಕ್ಕೆ ಮೊದಲು ಈ ಪ್ರಶ್ನೆಯೊಳಗೆ ಕಾಲು ಚಾಚಿ ಕೂತಿರುವ ನಂಬಿಕೆಯೊಂದನ್ನು ಎಬ್ಬಿಸಿ ಕಳಿಸಬೇಕು. ಪ್ರಶ್ನೆ ಬೀದರಿನಿಂದ ಬರಲಿ, ಚಾಮರಾಜನಗರದಿಂದ ಬರಲಿ, ಇದು ಅದರ ಬೆನ್ನಿಗೇ ಬರುತ್ತದೆ: ಡಿಬೇಟ್ ಅಂದರೆ ಚೆನ್ನಾಗಿ ಮಾತಾಡುವುದು.

ಚೆನ್ನಾಗಿ ಮಾತಾಡುವುದಕ್ಕೆ ಭಾಷಣ ಸ್ಪರ್ಧೆ ಇದೆ. ನಮ್ಮ ಶಾಲೆಗಳ ಚರ್ಚಾ ಸ್ಪರ್ಧೆಗಳೂ ಬಹುತೇಕ ಅದರ ಅವಳಿಯೇ. ವಿಷಯ ವಾರದ ಮೊದಲೇ ಗೊತ್ತಿರುತ್ತದೆ. ಮೇಷ್ಟ್ರು ಪರಕ್ಕೊಂದು, ವಿರೋಧಕ್ಕೊಂದು ಎರಡು ಪುಟ ಬರೆದುಕೊಡುತ್ತಾರೆ. ಮಗು ಉರು ಹೊಡೆಯುತ್ತದೆ. ವೇದಿಕೆ ಹತ್ತಿದ ಮೇಲೆ ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾದದ್ದು ಸಕಲರನ್ನೂ ವಂದಿಸಿ ಮುಗಿಯುವಷ್ಟರಲ್ಲಿ ಅರ್ಧ ನಿಮಿಷ ಹೋಯಿತು. ಆಮೇಲೊಂದು ವಚನ, ಇಲ್ಲವೇ ಕಗ್ಗ. ಕೈ ಎತ್ತಬೇಕಾದಲ್ಲಿ ಕೈ ಎತ್ತಿ, ದನಿ ನಡುಗಿಸಬೇಕಾದಲ್ಲಿ ನಡುಗಿಸಿ, ‘ಇಷ್ಟು ಹೇಳಿ ನನ್ನ ಮಾತಿಗೆ ವಿರಾಮ’. ಚಪ್ಪಾಳೆ.

ಇಲ್ಲಿ ಚರ್ಚೆ ನಡೆದಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಮಾತಾಡಿದವರ ಸರದಿಯನ್ನು ಅದಲುಬದಲು ಮಾಡಿ ನೋಡಿ. ಮೂರನೆಯವಳು ಮೊದಲು, ಮೊದಲನೆಯವನು ಕೊನೆಗೆ. ಒಂದು ವಾಕ್ಯವನ್ನೂ ಬದಲಿಸದೆ ಎಲ್ಲ ಭಾಷಣಗಳೂ ಹಾಗೇ ನಿಂತರೆ ಅಲ್ಲಿ ಯಾರೂ ಯಾರಿಗೂ ಉತ್ತರ ಕೊಟ್ಟಿಲ್ಲ ಎಂದಾಯಿತು. ಅದು ಸರದಿಯ ಕಂಠಪಾಠ.

ಸ್ಪರ್ಧಾತ್ಮಕ ಡಿಬೇಟಿನ ನಿಯಮಗಳು ಈ ಕಂಠಪಾಠಕ್ಕೆ ಜಾಗವನ್ನೇ ಕೊಡುವುದಿಲ್ಲ. 1981ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ, 2014ರಲ್ಲಿ ನಮ್ಮ ಪಕ್ಕದ ಚೆನ್ನೈಗೂ ಬಂದಿದ್ದ ವಿಶ್ವವಿದ್ಯಾಲಯಗಳ ವಿಶ್ವ ಚಾಂಪಿಯನ್‌ಶಿಪ್ಪನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿ: ಇಬ್ಬಿಬ್ಬರ ನಾಲ್ಕು ತಂಡ (ಎರಡು ಪರ, ಎರಡು ವಿರೋಧ), ಒಬ್ಬೊಬ್ಬರಿಗೆ ಏಳು ನಿಮಿಷ. ವಿಷಯ ಗೊತ್ತಾಗುವುದು ಹದಿನೈದೇ ನಿಮಿಷ ಮೊದಲು. ಪರವೋ ವಿರೋಧವೋ ಎಂಬ ಆಯ್ಕೆ ನಿಮ್ಮದಲ್ಲ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ಮಿಕ್ಕ ಐದು ನಿಮಿಷದಲ್ಲಿ ಎದುರಾಳಿ ಯಾವಾಗ ಬೇಕಾದರೂ ಎದ್ದು ನಿಂತು ಪ್ರಶ್ನೆಗೆ ಅವಕಾಶ ಕೇಳಬಹುದು. ಬರೆದುಕೊಟ್ಟ ಎರಡು ಪುಟವನ್ನು ಇಲ್ಲಿ ಎಲ್ಲಿಡುತ್ತೀರಿ?

‘ಆದರೂ ಅಂಕ ಹೋಗುವುದು ನಿರರ್ಗಳವಾಗಿ ಮಾತಾಡಿದವರಿಗೇ ಅಲ್ಲವೇ’ ಎಂಬ ಮರುಪ್ರಶ್ನೆ ಖಂಡಿತ ಬರುತ್ತದೆ. ಬರಲಿ. ಈ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಶೈಲಿಗೆಂದು ಪ್ರತ್ಯೇಕ ಅಂಕವಿಲ್ಲ. ವಿಷಯದ ಪಂಡಿತನಲ್ಲದ, ಪೂರ್ವಗ್ರಹವಿಲ್ಲದ, ಬುದ್ಧಿವಂತ ಸಾಮಾನ್ಯ ಮತದಾರನೊಬ್ಬ ಯಾರ ವಾದಕ್ಕೆ ಒಪ್ಪುತ್ತಿದ್ದ ಎಂದು ನಿರ್ಣಾಯಕರು ಕೇಳಿಕೊಳ್ಳಬೇಕು. 1988ರಲ್ಲಿ ಕ್ಯಾನ್‌ಬೆರಾದಲ್ಲಿ ಶುರುವಾಗಿ, 2019ರಲ್ಲಿ ಭಾರತದ ಮಕ್ಕಳೇ ಗೆದ್ದ ಶಾಲಾ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಶೈಲಿಗೆ ನೂರಕ್ಕೆ 40 ಇದೆ, ನಿಜ. ವಿಷಯಕ್ಕೆ, ಅಂದರೆ ವಾದದ ಹುರುಳಿಗೆ, 40; ತಂತ್ರಕ್ಕೆ 20. ಆದರೆ ಆ 40ರಲ್ಲಿ ಕೊಡುವುದು 24ರಿಂದ 32ರವರೆಗೆ ಮಾತ್ರ. ಅಂದರೆ ತಡವರಿಸುವ ಮಗುವಿಗೂ ಗಂಟೆ ಬಾರಿಸಿದಂತೆ ಮಾತಾಡುವ ಮಗುವಿಗೂ ನಡುವೆ ಎಂಟೇ ಅಂಕದ ದೂರ. ವಿಷಯದ ಎಂಟು, ತಂತ್ರದ ನಾಲ್ಕು ಸೇರಿದರೆ ಅಂತರ ಹನ್ನೆರಡು. ಲೆಕ್ಕ ನೀವೇ ಹಾಕಿ.

ಒಂದು ಉದಾಹರಣೆ ನೋಡೋಣ. ವಿಷಯ: ಹೈಸ್ಕೂಲುಗಳಲ್ಲಿ ಹೋಮ್‌ವರ್ಕ್ ನಿಷೇಧಿಸಬೇಕು. ಮಾತುಗಾರ ಹುಡುಗ ಹೀಗೆ ಹೇಳುತ್ತಾನೆ: ‘ಹೋಮ್‌ವರ್ಕ್ ಎಂಬ ರಾಕ್ಷಸ ಇಂದು ಅರಳುವ ಹೂಗಳ ಬಾಲ್ಯವನ್ನೇ ನುಂಗುತ್ತಿದ್ದಾನೆ!’ ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ, ಯಾಕೆಂದರೆ ಇದರಲ್ಲಿ ವಾದವೇ ಇಲ್ಲ. ಇನ್ನೊಬ್ಬಳು ತಡವರಿಸುತ್ತಾ ಹೇಳುತ್ತಾಳೆ: ‘ಮನೇಲಿ ಹೇಳಿಕೊಡೋರು ಇದ್ರೆ ಹೋಮ್‌ವರ್ಕು ಎರಡನೇ ಸಲ ಪಾಠ ಕೇಳಿದ ಹಾಗೆ. ಇಲ್ದೇ ಇದ್ರೆ ಅದು ದಿನಾ ಪರೀಕ್ಷೆ. ಮಾರನೇ ದಿನ ಇಬ್ಬರ ನೋಟ್‌ಬುಕ್ಕನ್ನೂ ಒಂದೇ ತಕ್ಕಡೀಲಿ ತೂಗ್ತಾರೆ. ಅಲ್ಲಿ ತೂಗೋದು ಮಗೂನಲ್ಲ, ಮನೇನ.’ ಈಗ ವಿರೋಧಿ ಪಕ್ಷ ಯೋಚಿಸಲೇಬೇಕು. ಅವರಲ್ಲಿ ಚುರುಕಾದವನು ಅಂತರವಿರುವುದನ್ನು ಒಪ್ಪಿಕೊಂಡೇ ತಿರುಗಿಸುತ್ತಾನೆ: ‘ನಿಷೇಧ ಮಾಡಿದರೆ ದುಡ್ಡಿದ್ದವರು ಟ್ಯೂಷನ್ನಿಗೆ ಹೋಗುತ್ತಾರೆ. ದುಡ್ಡಿಲ್ಲದ ಮಗುವಿಗೆ ಪುಕ್ಕಟೆ ಸಿಗುತ್ತಿದ್ದ ಅಭ್ಯಾಸ ಅದೊಂದೇ, ಅದನ್ನೂ ಕಿತ್ತುಕೊಂಡಿರಿ. ಅಂತರ ಹೆಚ್ಚಾಯಿತೋ ಕಡಿಮೆಯಾಯಿತೋ?’ ಡಿಬೇಟ್ ಶುರುವಾದದ್ದು ಈ ಕ್ಷಣದಲ್ಲಿ. ರಾಕ್ಷಸ, ಹೂವು ಎರಡೂ ಆಗಲೇ ಮರೆತುಹೋಗಿವೆ.

ಇಂಗ್ಲಿಷಿನ ಭಯಕ್ಕೆ ಇಷ್ಟು ಸಾಕು: ವಿಶ್ವವಿದ್ಯಾಲಯಗಳ ಆ ಚಾಂಪಿಯನ್‌ಶಿಪ್ಪಿನಲ್ಲೇ ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ, ಪರಭಾಷೆಯಾದವರಿಗೆ ಬೇರೆಬೇರೆ ವಿಭಾಗಗಳಿವೆ. ಸ್ಪ್ಯಾನಿಷ್ ಮಾತಾಡುವವರು ತಮ್ಮದೇ ವಿಶ್ವ ಚಾಂಪಿಯನ್‌ಶಿಪ್ ನಡೆಸಿಕೊಳ್ಳುತ್ತಾರೆ. ನಿಮ್ಮ ತಂಡ ಕನ್ನಡದಲ್ಲೇ ಶುರುವಾಗಲಿ. ವಾದ ಕಟ್ಟಲು ಬಂದ ಮೇಲೆ ಅದನ್ನು ಇಂಗ್ಲಿಷಿಗೆ ದಾಟಿಸುವುದು ಶ್ರಮದ ಕೆಲಸ, ಆದರೆ ಆಗುವ ಕೆಲಸ. ಇಂಗ್ಲಿಷ್ ಬಂದು ವಾದ ಬಾರದವರನ್ನು ದಡ ಸೇರಿಸುವುದು ಅದಕ್ಕಿಂತ ಕಷ್ಟ.

ಇನ್ನು ಕೆಲಸಕ್ಕೆ. ಎಂಟು ಮಕ್ಕಳೇ ಏಕೆಂದರೆ ಮೂವರು ಪರ, ಮೂವರು ವಿರೋಧ, ಒಬ್ಬರು ಗಡಿಯಾರಕ್ಕೆ, ಒಬ್ಬರು ತೀರ್ಪಿಗೆ. ಪಾತ್ರಗಳು ಪ್ರತಿವಾರ ಬದಲಾಗಬೇಕು. ತೀರ್ಪು ಹೇಳುವ ಕುರ್ಚಿಯಲ್ಲಿ ಕೂತು ಬಂದ ಮಗು ಮುಂದಿನ ವಾರ ಬೇರೆಯೇ ಥರ ಮಾತಾಡುತ್ತದೆ. ನಾಣ್ಯ ಚಿಮ್ಮಿ ಪಕ್ಷ ನಿರ್ಧರಿಸಿ. ತಯಾರಿಗೆ ಹದಿನೈದು ನಿಮಿಷ. ಅದರಲ್ಲಿ ಮೊದಲ ನಾಲ್ಕು ನಿಮಿಷ ಪಿಟ್ಟೆನ್ನುವಂತಿಲ್ಲ, ಪ್ರತಿಯೊಬ್ಬರೂ ಒಬ್ಬೊಬ್ಬರೇ ಬರೆದುಕೊಳ್ಳಬೇಕು. ಈ ನಿಯಮ ಬಿಟ್ಟರೆ ಜೋರು ಬಾಯಿಯವನೊಬ್ಬ ಮೂವರ ಪಾಲನ್ನೂ ತಾನೇ ಯೋಚಿಸಿಬಿಡುತ್ತಾನೆ. ಭಾಷಣ ತಲಾ ನಾಲ್ಕು ನಿಮಿಷ. ಏಳಕ್ಕೆ ಹೋಗಲು ಅವಸರ ಬೇಡ. ಹೊಸಬರು ಆ ಹೆಚ್ಚಿನ ಮೂರು ನಿಮಿಷದಲ್ಲಿ ಹೇಳಿದ್ದನ್ನೇ ಹೇಳುತ್ತಾರೆ. ಆರು ಭಾಷಣಗಳು ಮುಗಿಯಲು, ನಡುವೆ ಎದ್ದು ಬರುವ ಹೊತ್ತೂ ಸೇರಿ, ಅರ್ಧ ಗಂಟೆಯ ಮೇಲಾಗುತ್ತದೆ. ತೀರ್ಪಿಗೆ, ಅದರ ಕಾರಣಕ್ಕೆ ಇಪ್ಪತ್ತೈದು ನಿಮಿಷ. ಉಳಿದ ಹದಿನೈದರಲ್ಲಿ ಪ್ರತಿಯೊಬ್ಬರೂ ತಮ್ಮ ಭಾಷಣದ ಅತಿ ದುರ್ಬಲವಾದ ಒಂದು ನಿಮಿಷವನ್ನು ಎದ್ದು ಮತ್ತೆ ಹೇಳಬೇಕು. ಸಮಯವಾಯಿತೆಂದು ಎಲ್ಲರೂ ಕೈಬಿಡುವುದು ಇದನ್ನೇ, ಕಲಿಕೆ ಆಗುವುದೂ ಇದರಲ್ಲೇ.

ಹಾಳೆಯ ಬಗ್ಗೆ: ಎ4 ಹಾಳೆಯನ್ನು ಅಡ್ಡ ಹಿಡಿದು ಆರು ಕಾಲಂ ಎಳೆಯಿರಿ, ಒಬ್ಬೊಬ್ಬ ಭಾಷಣಕಾರರಿಗೆ ಒಂದು. ಪರಕ್ಕೆ ನೀಲಿ, ವಿರೋಧಕ್ಕೆ ಕೆಂಪು. ಒಂದು ವಾದಕ್ಕೆ ಉತ್ತರ ಬಂದಾಗ ಅಲ್ಲಿಂದ ಇಲ್ಲಿಗೆ ಬಾಣದ ಗುರುತು. ಕೊನೆಗೆ ಬಾಣ ತಾಗದೆ ಉಳಿದ ವಾದಗಳನ್ನು ಎಣಿಸಿ, ತೀರ್ಪಿನ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ. ಎದುರಾಳಿಯ ವಾದವನ್ನು ಮೊದಲು ಒಂದು ವಾಕ್ಯದಲ್ಲಿ ನ್ಯಾಯವಾಗಿ ಹೇಳಿ, ಆಮೇಲೆ ಖಂಡಿಸಬೇಕೆಂಬ ನಿಯಮವನ್ನೂ ಮೊದಲ ದಿನವೇ ಹಾಕಿ. ‘ಅವರು ಹೇಳಿದ್ದೆಲ್ಲ ಸುಳ್ಳು’ ಎಂಬುದು ಖಂಡನೆಯಲ್ಲ.

ವಿಷಯ ಆರಿಸುವಾಗಲೂ ಎಡವುತ್ತಾರೆ. ‘ವಿಜ್ಞಾನ ವರವೋ ಶಾಪವೋ’ ಎಂಬುದನ್ನು ದಯವಿಟ್ಟು ನಿವೃತ್ತಿಗೊಳಿಸಿ. ಅಲ್ಲಿ ಯಾರೂ ಏನನ್ನೂ ಮಾಡಬೇಕಾಗಿಲ್ಲ, ಹಾಗಾಗಿ ಎರಡೂ ಕಡೆಯವರು ಪಟ್ಟಿ ಓದಿ ಕೂರುತ್ತಾರೆ. ಯಾರು, ಏನು ಮಾಡಬೇಕು ಎಂಬುದು ವಿಷಯದಲ್ಲೇ ಇರಲಿ: ‘ಗ್ರಾಮ ಪಂಚಾಯಿತಿ ಸಂತೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ದಂಡ ಹಾಕಬೇಕು’. ಇಂಥ ವಿಷಯಕ್ಕೆ ಎಂಟನೇ ತರಗತಿಯ ಮಗುವಿಗೂ ಗ್ರಂಥಾಲಯ ಬೇಕಿಲ್ಲ, ಸಂತೆಗೆ ಹೋಗಿ ಬಂದಿದ್ದರೆ ಸಾಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ‘ಇದೆಲ್ಲ ಹೊರಗಿನ ಸರಕು, ನಮ್ಮ ಮಕ್ಕಳಿಗೆ ಒಗ್ಗದು’ ಎನ್ನುವವರು ಸ್ಟಾಫ್‌ರೂಮಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಯಕ್ಷಗಾನದ ತಾಳಮದ್ದಳೆ ನೆನಪಿಸಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದ ಅರ್ಥಧಾರಿ ಕೂತಲ್ಲೇ ಆಶುವಾಗಿ ಅರ್ಥ ಹೇಳುತ್ತಾನೆ, ಎದುರಿನವನು ಅದಕ್ಕೆ ಅಲ್ಲೇ ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಹೆಸರಾದದ್ದು ಈ ಸವಾಲು-ಜವಾಬಿನಿಂದ. ಇವತ್ತು ರಾಮನಾದವನು ನಾಳೆ ವಾಲಿಯಾಗಬಹುದು; ಪಕ್ಷ ನನ್ನದಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಡಿಬೇಟಿಗಿಲ್ಲದ ಒಂದು ಸ್ವಾತಂತ್ರ್ಯ ಅಲ್ಲಿದೆ, ಗಡಿಯಾರವಿಲ್ಲ. ಡಿಬೇಟಿಗಿರುವ ಒಂದು ಸ್ವಾತಂತ್ರ್ಯ ಅಲ್ಲಿಲ್ಲ, ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದಲ್ಲಿ ಸಾಯಲೇಬೇಕು.

ಇದನ್ನೇ ಪಾಠವಾಗಿಸಬಹುದು. ವಾಲಿವಧೆಯ ತಾಳಮದ್ದಳೆಯ ಧ್ವನಿಮುದ್ರಣವೊಂದನ್ನು ಹುಡುಕಿ, ವಾಲಿಯ ಮಾತು ಮುಗಿದಲ್ಲಿ ನಿಲ್ಲಿಸಿ. ಆರೋಪಗಳನ್ನು ಮಕ್ಕಳು ಕೆಂಪಿನಲ್ಲಿ ಬರೆದುಕೊಳ್ಳಲಿ: ಮರೆಯಲ್ಲಿ ನಿಂತು ಹೊಡೆದೆ, ನನಗೂ ನಿನಗೂ ವೈರವೇ ಇರಲಿಲ್ಲ, ಕೇಳಿದ್ದರೆ ಸೀತೆಯನ್ನು ನಾನೇ ತಂದೊಪ್ಪಿಸುತ್ತಿದ್ದೆ. ಮುಂದುವರಿಸಿ, ರಾಮನ ಉತ್ತರಗಳು ನೀಲಿಯಲ್ಲಿ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ನೀನು ಶಾಖಾಮೃಗ, ಬೇಟೆಗೆ ಮರೆ ನಿಷಿದ್ಧವಲ್ಲ. ಬಾಣದ ಗುರುತು ಹಾಕಿಸಿ. ಮೃಗವೆಂದರೆ ಮೃಗಕ್ಕೆ ದಾಂಪತ್ಯಧರ್ಮ ಹೇಗೆ ಅನ್ವಯಿಸಿತು ಎಂದು ಹಿಂದಿನ ಬೆಂಚಿನಿಂದ ಯಾವುದಾದರೂ ಮಗು ಕೇಳಿದರೆ, ಆ ಮಗುವಿನ ಹೆಸರನ್ನು ತಂಡದ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಿ.