ಅಕೌಂಟ್ಸ್ ಅಸಿಸ್ಟೆಂಟ್ ಕೆಲ್ಸಕ್ಕೆ ಸಿವಿ ಬರೆಯೋದು: ಬಿ.ಕಾಂ ಲಾಸ್ಟ್ ಸೆಮ್‌ನವ್ರಿಗೆ ನೋಟ್ಸ್

ನಮ್ಮಲ್ಲಿ ಸುಮಾರು ಜನ ಸೀನಿಯರ್ ಹತ್ರ ವರ್ಡ್ ಫೈಲ್ ಇಸ್ಕೊಂಡು ಹೆಸ್ರು, ಪರ್ಸೆಂಟೇಜ್ ಬದಲಾಯಿಸಿ ಕಳಿಸಿಬಿಡ್ತಾರೆ, ಹಂಗಾಗಿ ಎಲ್ಲರ ಸಿವೀಲೂ "ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್" ಅನ್ನೋ ಅದೇ ಸಾಲು. ಓದೋರಿಗೆ ಇದ್ರಿಂದ ಏನೂ ಗೊತ್ತಾಗಲ್ಲ. ಗುಣ ಬರೀಬೇಡಿ, ಮಾಡಿರೋ ಕೆಲ್ಸ ಬರೀರಿ.

ಉದಾಹರಣೆಗೆ "ಟ್ಯಾಲಿ ಬರುತ್ತೆ" (ಟ್ಯಾಲಿ ಅಂದ್ರೆ ಲೆಕ್ಕ ಇಡೋ ಸಾಫ್ಟ್‌ವೇರ್) ಅಂತ ಬರೆಯೋ ಬದ್ಲು "ಟ್ಯಾಲಿ ಪ್ರೈಮ್‌ನಲ್ಲಿ ಪರ್ಚೇಸ್, ಸೇಲ್ಸ್ ಬಿಲ್ ಎಂಟ್ರಿ ಮಾಡಿದೀನಿ, ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡಿದೀನಿ, ಜಿಎಸ್‌ಟಿಆರ್-1ಗೆ ಡೇಟಾ ರೆಡಿ ಮಾಡಿದೀನಿ" ಅನ್ನೋ ಅರ್ಥ ಬರೋ ಹಾಗೆ ಇಂಗ್ಲಿಷಲ್ಲಿ ಬರೀರಿ (ರಿಕನ್ಸಿಲಿಯೇಷನ್ ಅಂದ್ರೆ ನಮ್ಮ ಲೆಕ್ಕನ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಹೋಲಿಸಿ ನೋಡೋದು, ಜಿಎಸ್‌ಟಿಆರ್-1 ಅಂದ್ರೆ ಮಾರಾಟದ ವಿವರ ಕೊಡೋ ಜಿಎಸ್‌ಟಿ ರಿಟರ್ನ್). ಎಕ್ಸ್‌ಪೀರಿಯನ್ಸ್ ಇಲ್ಲ ಅಂತ ಆ ಜಾಗ ಖಾಲಿ ಬಿಡೋರು ಒಂದ್ಸಲ ಯೋಚ್ನೆ ಮಾಡಿ, ರಜೆಲಿ ಆಡಿಟರ್ ಆಫೀಸ್‌ಗೆ ಹೋಗಿದ್ದು, ಮಾವನ ಅಂಗಡಿ ಲೆಕ್ಕ ಬರ್ದಿದ್ದು, ಕಾಲೇಜ್ ಫೆಸ್ಟ್‌ನ ಖರ್ಚು ವೆಚ್ಚ ಎಕ್ಸೆಲ್‌ನಲ್ಲಿ ಇಟ್ಟಿದ್ದು ಎಲ್ಲಾ ಲೆಕ್ಕಕ್ಕೆ ಬರುತ್ತೆ, ಎಷ್ಟು ತಿಂಗಳು, ಏನೇನು ಮಾಡ್ತಿದ್ರಿ ಅಂತ ಇದ್ದಿದ್ದು ಇದ್ದ ಹಾಗೆ ಹಾಕಿ. ಮಾಡದೇ ಇರೋದು ಮಾತ್ರ ಹಾಕ್ಲೇಬೇಡಿ. ಯಾಕಂದ್ರೆ ಇಂಟರ್‌ವ್ಯೂನಲ್ಲಿ ಪ್ರಶ್ನೆ ಹುಟ್ಟೋದೇ ನಿಮ್ಮ ಸಿವಿಯಿಂದ. ಜಿಎಸ್‌ಟಿ ಅಂತ ಬರೆದಿದ್ರೆ ತಿಂಗಳು ತಿಂಗಳು ಫೈಲ್ ಮಾಡೋರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ತೋರಿಸಿ ಕಟ್ಟೋ ರಿಟರ್ನ್) ಸಾಮಾನ್ಯವಾಗಿ 20ಕ್ಕೆ ಅನ್ನೋದು ಗೊತ್ತಿರ್ಬೇಕು, ಇನ್‌ಪುಟ್ ಕ್ರೆಡಿಟ್‌ನ (ಖರೀದಿ ಮೇಲೆ ಕಟ್ಟಿದ ಜಿಎಸ್‌ಟಿನ ಕಟ್ಟಬೇಕಾದ ತೆರಿಗೆಲಿ ಕಳೆಯೋದು) ಜಿಎಸ್‌ಟಿಆರ್-2ಬಿ (ಮಾರಿದವ್ರು ಫೈಲ್ ಮಾಡಿದ್ರಿಂದ ಪೋರ್ಟಲಲ್ಲಿ ಬರೋ ಕ್ರೆಡಿಟ್ ಪಟ್ಟಿ) ಜೊತೆ ಯಾಕೆ ಹೋಲಿಸಿ ನೋಡ್ತಾರೆ ಅಂತ ಎರಡು ಮಾತಲ್ಲಿ ಹೇಳೋಕೆ ಬರ್ಬೇಕು.

ಜಾಬ್ ಪೋಸ್ಟ್‌ನಲ್ಲಿ ಬಳಸಿರೋ ಪದನೇ ನಿಮ್ಮದ್ರಲ್ಲೂ ಇರ್ಲಿ (ಆ ಕೆಲ್ಸ ನಿಮಗೆ ಬರೋದಾದ್ರೆ ಮಾತ್ರ), ರಿಕ್ರೂಟರ್‌ಗಳು ಜಾಬ್ ಸೈಟಲ್ಲಿ ಪದ ಹಾಕಿನೇ ಹುಡುಕೋದು. ಇಲ್ಲೇ ಡಿಸೈನ್ ವಿಷ್ಯನೂ ಬರುತ್ತೆ. ಎರಡು ಕಾಲಂ, ಸ್ಕಿಲ್‌ಗೆ ಸ್ಟಾರ್, ಬಣ್ಣದ ಪಟ್ಟಿ ಇರೋ ಟೆಂಪ್ಲೇಟ್ ನೋಡೋಕೆ ಚೆನ್ನಾಗಿರುತ್ತೆ ಆದ್ರೆ ಸಾಫ್ಟ್‌ವೇರ್ ಅದನ್ನ ಓದುವಾಗ ಸಾಲುಗಳು ಕಲಸಿಹೋಗೋ ಚಾನ್ಸ್ ಇದೆ. ಚೆಕ್ ಮಾಡೋದು ಸುಲಭ, ಪಿಡಿಎಫ್ ಓಪನ್ ಮಾಡಿ ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ, ಅಲ್ಲಿ ಮೇಲಿಂದ ಕೆಳಗೆ ಸರಿಯಾಗಿ ಓದೋಕಾದ್ರೆ ಓಕೆ. ಪ್ರಿಂಟ್ ತೆಗೆದು ಮೊಬೈಲಲ್ಲಿ ಫೋಟೋ ಹೊಡೆದು ಕಳಿಸಿದ್ರೆ ಅದು ಬರೀ ಚಿತ್ರ, ಹುಡುಕೋ ಪದ ಅದ್ರಲ್ಲಿ ಸಿಗೋದೇ ಕಷ್ಟ.

ಓದಿರೋದು: ಡಿಗ್ರಿ ಮೊದ್ಲು, ಆಮೇಲೆ ಪಿಯುಸಿ, ಎಸ್ಸೆಸ್ಸೆಲ್ಸಿ. ಒಂದು ಪೇಜ್ ಸಾಕು.

ತಂದೆ ಹೆಸ್ರು, ಧರ್ಮ, ಜಾತಿ, ಮದ್ವೆ ಆಗಿದ್ಯಾ ಇಲ್ವಾ, ಇವೆಲ್ಲ ಬಯೋಡೇಟಾ ಕಾಲದ್ದು, ಪ್ರೈವೇಟ್ ಕೆಲ್ಸದ ಸಿವಿಗೆ ಬೇಡ. ಆಧಾರ್, ಪ್ಯಾನ್ ನಂಬರ್ ಅಂತೂ ದಯವಿಟ್ಟು ಹಾಕ್ಬೇಡಿ, ಆ ಫೈಲ್ ಯಾರ್ಯಾರ ಕೈಗೆ ಹೋಗುತ್ತೋ ಹೇಳೋಕಾಗಲ್ಲ. ಸರ್ಕಾರಿ ಅರ್ಜಿ ಬೇರೆ, ಅದ್ರ ಫಾರಂನಲ್ಲಿ ಕೇಳಿದ್ದನ್ನ ಅಲ್ಲೇ ತುಂಬಿದ್ರಾಯ್ತು.

ಸೊಸೈಟಿ, ಟ್ರಸ್ಟ್, ಸ್ಕೂಲ್ ಆಫೀಸ್ ಥರದ ಕಡೆ ಹಾಕೋರು ಕನ್ನಡ ಟೈಪಿಂಗ್ ಬಂದ್ರೆ ಖಂಡಿತ ಬರೀರಿ, ನುಡಿ ಫಾಂಟಾ ಯೂನಿಕೋಡಾ ಅಂತಾನೂ ಸೇರಿಸಿ. ತುಂಬಾ ಜನ ಇದನ್ನ ಸ್ಕಿಲ್ ಅಂತಾನೇ ಅನ್ಕೊಳಲ್ಲ, ನನಗೆ ಅದು ಬೇಜಾರು.

ರಿಸಲ್ಟ್ ಇನ್ನೂ ಬಂದಿಲ್ಲ ಅಂದ್ರೆ "ರಿಸಲ್ಟ್ ಅವೇಟೆಡ್" ಅಂತ ಹಾಕಿ, ಅದುವರೆಗಿನ ಸೆಮ್‌ಗಳ ಮಾರ್ಕ್ಸ್ ಕೊಡಿ, ಯಾವತ್ತಿಂದ ಜಾಯಿನ್ ಆಗ್ಬೋದು ಅನ್ನೋದನ್ನ ಸಿವಿ ಕಳಿಸೋ ಇಮೇಲ್‌ನಲ್ಲೇ ಬರೀರಿ.