ನಾಲೆ ನೀರಿನ ಚಹಾ ಬಣ್ಣವೂ ಅಲ್ಯೂಮಿನಿಯಂ ಪ್ಲೇಟೂ

ದಾವಣಗೆರೆಯ ಕುಂದವಾಡ ಕೆರೆಗೂ ಟಿವಿ ಸ್ಟೇಷನ್ ಕೆರೆಗೂ ಭದ್ರಾ ನಾಲೆಯಿಂದ ನೀರು ತುಂಬಿಸುತ್ತಾರೆ. ಚಿತ್ರದುರ್ಗಕ್ಕೆ ಸೂಳೆಕೆರೆಯ ನೀರು, ವಾಣಿವಿಲಾಸ ಸಾಗರದ ನೀರು. ಇವೆಲ್ಲ ಕಾಡು, ತೋಟ, ಗದ್ದೆಬಯಲು ತೊಳೆದುಕೊಂಡು ಬರುವ ನೀರು. ಕೊಳೆತ ಎಲೆ, ಹುಲ್ಲು, ಬೇರುಗಳ ಸಾರ ಇದರಲ್ಲಿ ಕರಗಿರುತ್ತದೆ. ಹೊಸ ಮಳೆ ಬಿದ್ದ ವಾರದಲ್ಲಿ ಬಿಳಿ ಬಕೆಟ್‌ಗೆ ಹಿಡಿದು ನೋಡಿದರೆ ತೆಳುವಾದ ಚಹಾ ಬಣ್ಣ ಕಾಣುತ್ತದೆ. ಬಟ್ಟೆಯಲ್ಲಿ ಸೋಸಿದರೂ ಮರಳಿನ ಫಿಲ್ಟರ್‌ಗೆ ಬಿಟ್ಟರೂ ಅದು ಹೋಗುವುದಿಲ್ಲ. ಕೆಸರಾದರೆ ಕೆಳಗೆ ಕೂರುತ್ತಿತ್ತು. ಇದು ಕರಗಿದ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲ.

ಈ ಸಾರ ಕುಡಿದ ಮಾತ್ರಕ್ಕೆ ಯಾರಿಗೂ ಏನೂ ಆಗುವುದಿಲ್ಲ. ತೊಂದರೆ ಶುರುವಾಗುವುದು ಬ್ಲೀಚಿಂಗ್ ಪೌಡರ್ ಬಿದ್ದ ಮೇಲೆ. ಕ್ಲೋರಿನ್ ಈ ಸಾವಯವ ಅಂಶದ ಜತೆ ಸೇರಿ, ಹೆಚ್ಚಾದರೆ ಆರೋಗ್ಯಕ್ಕೆ ಕೆಟ್ಟದ್ದಾದ ಕ್ಲೋರೋಫಾರ್ಮ್‌ನಂಥ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. ಕುಡಿಯುವ ನೀರಿನ ಮಾನಕ ಐಎಸ್ 10500 ಕ್ಲೋರೋಫಾರ್ಮ್‌ಗೆ ಲೀಟರಿಗೆ 0.2 ಮಿ.ಗ್ರಾಂ, ಬ್ರೋಮೋಡೈಕ್ಲೋರೋಮೀಥೇನ್‌ಗೆ 0.06 ಮಿ.ಗ್ರಾಂ ಮಿತಿ ಹಾಕಿದೆ. ಇತ್ತ ಕ್ಲೋರಿನ್ನೂ ದಾರಿಯಲ್ಲೇ ಖರ್ಚಾಗಿ, ಕೊನೆಯ ನಲ್ಲಿಯಲ್ಲಿ ಇರಲೇಬೇಕಾದ 0.2 ಮಿ.ಗ್ರಾಂ ಉಳಿಯುವುದಿಲ್ಲ. ಆಗ ಇನ್ನೊಂದು ಹಿಡಿ ಪೌಡರ್ ಸುರಿಯುತ್ತಾರೆ, ಅದಕ್ಕೆ ತಕ್ಕಂತೆ ಟ್ರೈಹ್ಯಾಲೋಮೀಥೇನ್ ಏರುತ್ತದೆ. ಹಾಗಾಗಿ ಸಾವಯವ ಅಂಶವನ್ನು ಮೊದಲು ತೆಗೆದು, ಫಿಲ್ಟರ್ ಆದ ಮೇಲೆ ಕ್ಲೋರಿನ್ ಹಾಕಬೇಕು.

ಪಟಿಕ ಹದವಾಗಿ ಹಾಕಿ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ನೋಡಿಕೊಳ್ಳುವ ದೊಡ್ಡ ಶುದ್ಧೀಕರಣ ಘಟಕಕ್ಕೆ ಬೇರೆ ಯಂತ್ರ ಬೇಡ. ದಿನವೂ ಪಟಿಕದ ದ್ರಾವಣ ಕಲಸಿ ಅಳೆದು ಹಾಕುವವರು ಇಲ್ಲದ ಹಾಸ್ಟೆಲ್, ಆಶ್ರಮಶಾಲೆ, ಸಣ್ಣ ಹಳ್ಳಿಗಳಲ್ಲಿ ಎಲೆಕ್ಟ್ರೋಕೋಆಗ್ಯುಲೇಷನ್ ಉಪಯೋಗಕ್ಕೆ ಬರುತ್ತದೆ. ನೀರಿನಲ್ಲಿ ಅಲ್ಯೂಮಿನಿಯಂ ಪ್ಲೇಟುಗಳನ್ನು ಇಳಿಬಿಟ್ಟು ಡಿಸಿ ಕರೆಂಟ್ ಹರಿಸಿದರೆ ಧನ ಪ್ಲೇಟಿನಿಂದ ಅಲ್ಯೂಮಿನಿಯಂ ಕರಗಿ ಬರುತ್ತದೆ, ಋಣ ಪ್ಲೇಟಿನಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಋಣ ವಿದ್ಯುದಂಶ ಹೊತ್ತ ಹ್ಯೂಮಿಕ್ ಕಣಗಳು ಅಲ್ಯೂಮಿನಿಯಂಗೆ ಅಂಟಿಕೊಂಡು ಗರಣೆ ಕಟ್ಟುತ್ತವೆ. ಪಟಿಕವೂ ಮಾಡುವುದು ಇದೇ ಕೆಲಸವನ್ನು. ಆದರೆ ಇಲ್ಲಿ ಸಲ್ಫೇಟ್ ಸೇರುವುದಿಲ್ಲ, ಡೋಸನ್ನು ಆಂಪಿಯರ್ ಮೀಟರ್‌ನಲ್ಲೇ ಓದಬಹುದು: ಒಂದು ಆಂಪಿಯರ್ ಒಂದು ಗಂಟೆ ಹರಿದರೆ 0.336 ಗ್ರಾಂ ಅಲ್ಯೂಮಿನಿಯಂ. ಋಣ ಪ್ಲೇಟೂ ಕ್ಷಾರದಲ್ಲಿ ಸ್ವಲ್ಪ ಕರಗುವುದರಿಂದ ನಿಜವಾಗಿ ಬರುವುದು ಇನ್ನೂ ಹೆಚ್ಚು.

ಕಬ್ಬಿಣದ ಪ್ಲೇಟು ಅಗ್ಗ ಎಂದು ಅದನ್ನು ಹಾಕಬೇಡಿ. ಕರಗಿದ ಕಬ್ಬಿಣ ಹ್ಯೂಮಿಕ್ ಜತೆ ಕೂಡಿ ನೀರಿನಲ್ಲೇ ಉಳಿದುಬಿಟ್ಟರೆ ಬಣ್ಣ ಮೊದಲಿಗಿಂತ ಗಾಢವಾಗುತ್ತದೆ. ಕರಗದ ಲೇಪಿತ ಪ್ಲೇಟು ಹಾಕಿ ಸಾವಯವ ಅಂಶವನ್ನು ಸುಟ್ಟುಬಿಡುತ್ತೇವೆ ಎನ್ನುವ ಯಂತ್ರಗಳ ವಿಷಯದಲ್ಲೂ ಎಚ್ಚರ ಬೇಕು. ನೀರಿನ ಕ್ಲೋರೈಡ್ ಅಲ್ಲೇ ಕ್ಲೋರಿನ್ ಆಗಿ, ಯಾವುದನ್ನು ತಪ್ಪಿಸಲು ಹೊರಟಿದ್ದೆವೋ ಅದೇ ತಯಾರಾಗುತ್ತದೆ.

ಬಣ್ಣ ಹೋಗದಿದ್ದಾಗ ಎಲ್ಲರೂ ಮೊದಲು ಮಾಡುವುದು ಕರೆಂಟ್ ಏರಿಸುವ ಕೆಲಸ. ಮೊದಲು ನೋಡಬೇಕಾದ್ದು ಪಿಎಚ್. ಹ್ಯೂಮಿಕ್ ಆಮ್ಲ ಚೆನ್ನಾಗಿ ಹೋಗುವುದು ಪಿಎಚ್ 5ರಿಂದ 6.5ರ ನಡುವೆ. ನಮ್ಮ ಕೆರೆ ನೀರು ಸಾಮಾನ್ಯವಾಗಿ 8ರ ಆಸುಪಾಸು. ಅಲ್ಲಿ ಅಲ್ಯೂಮಿನಿಯಂನ ಒಂದು ಪಾಲು ಅಲ್ಯೂಮಿನೇಟ್ ಆಗಿ ಕರಗಿಯೇ ಉಳಿಯುತ್ತದೆ. ಬಣ್ಣವೂ ಹೋಗಲಿಲ್ಲ, ಫಿಲ್ಟರ್ ದಾಟಿದ ನೀರಿನಲ್ಲಿ ಅಲ್ಯೂಮಿನಿಯಂ 0.2 ಮಿ.ಗ್ರಾಂ ಮಿತಿಯನ್ನೂ ಮೀರಿತು ಎಂಬ ಸ್ಥಿತಿ. ಕರೆಂಟ್ ಏರಿಸಿದರೆ ಎರಡನೆಯ ತೊಂದರೆ ಇನ್ನೂ ಬೆಳೆಯುತ್ತದೆ.

ಪಿಎಚ್ ಇಳಿಸಲು ಆಮ್ಲ ಹಾಕಬೇಕು. ಎಷ್ಟು ಬೇಕು ಎಂಬುದನ್ನು ಕ್ಷಾರೀಯತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಹೇಳುತ್ತದೆ. ಲೀಟರಿಗೆ 150 ಮಿ.ಗ್ರಾಂ ಕ್ಷಾರೀಯತೆಯ ನೀರನ್ನು ಪಿಎಚ್ 8ರಿಂದ 7ಕ್ಕೆ ಇಳಿಸಲು ಸಾವಿರ ಲೀಟರಿಗೆ ಶೇ. 33ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 50 ಮಿ.ಲೀ. ಸಾಕು, 6.5ಕ್ಕೆ ಸುಮಾರು 115 ಮಿ.ಲೀ. ಬೇಕು. ಹಳ್ಳಿಯ ಘಟಕ 6.8–7ರಲ್ಲಿ ನಿಲ್ಲಿಸಿ ಅಲ್ಯೂಮಿನಿಯಂ ಸ್ವಲ್ಪ ಹೆಚ್ಚು ಕರಗಿಸುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಆಮ್ಲದ ಕ್ಯಾನ್ ಕಡಿಮೆ ಹೊರಬೇಕಾಗುತ್ತದೆ, ಕೊನೆಗೆ ಸುಣ್ಣ ಹಾಕಿ ಪಿಎಚ್ ಏರಿಸುವ ತಾಪತ್ರಯವೂ ಇರುವುದಿಲ್ಲ. ಗಂಧಕಾಮ್ಲ ಬೇಡ. ಸಲ್ಫೇಟ್ ಇದ್ದರೆ ಪ್ಲೇಟಿನ ಆಕ್ಸೈಡ್ ಪದರ ಬಿಗಿಯುತ್ತದೆ, ಕ್ಲೋರೈಡ್ ಅದನ್ನು ಒಡೆಯುತ್ತದೆ. ಆಮ್ಲ ಹಾಕುವ ಪಂಪು ನೀರಿನ ಪಂಪಿನ ಜತೆಗೇ ನಿಲ್ಲುವಂತಿರಬೇಕು.

ಯಂತ್ರ ಕೊಳ್ಳುವ ಮುಂಚೆ ಮೇಜಿನ ಮೇಲೆ ಪರೀಕ್ಷೆ ಮಾಡಿ. ಒಂದು ಲೀಟರ್ ನೀರು. ನೀರಿನಲ್ಲಿ 10 ಸೆಂ.ಮೀ. ಎತ್ತರ, 5 ಸೆಂ.ಮೀ. ಅಗಲ ಮುಳುಗುವ ಎರಡು ಅಲ್ಯೂಮಿನಿಯಂ ಪ್ಲೇಟು; ನಡುವೆ 1 ಸೆಂ.ಮೀ. ಅಂತರ, ಕರೆಂಟ್ 0.1 ಆಂಪಿಯರ್. ಇದರಲ್ಲಿ 430 ಸೆಕೆಂಡಿಗೆ 4 ಮಿ.ಗ್ರಾಂ, 860 ಸೆಕೆಂಡಿಗೆ 8 ಮಿ.ಗ್ರಾಂ, 1,290 ಸೆಕೆಂಡಿಗೆ 12 ಮಿ.ಗ್ರಾಂ ಅಲ್ಯೂಮಿನಿಯಂ ಸಿಗುತ್ತದೆ. ಕರೆಂಟ್ ಹರಿಯುವಾಗ ಕಲಕುತ್ತಿರಿ, ಆಮೇಲೆ 20 ನಿಮಿಷ ಮೆಲ್ಲಗೆ ಕಲಕಿ, ಅರ್ಧ ಗಂಟೆ ಬಿಡಿ. ಗುಳ್ಳೆ ಹಿಡಿದು ಮೇಲೆ ತೇಲಿದ ಗರಣೆಯನ್ನು ಬಿಟ್ಟು ನಡುಮಟ್ಟದಿಂದ ನೀರು ತೆಗೆಯಿರಿ. 0.45 ಮೈಕ್ರಾನ್ ಕಾಗದದಲ್ಲಿ ಸೋಸಿ, 254 ನ್ಯಾನೋಮೀಟರ್‌ನ ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯಿರಿ; ಹ್ಯೂಮಿಕ್ ಅಂಶ ಉಳಿದಷ್ಟೂ ಹೀರುವುದು ಹೆಚ್ಚು. ಸೋಸದೆ ಅಳೆದರೆ ಕೆಸರಿನ ಲೆಕ್ಕವೂ ಸೇರಿಬಿಡುತ್ತದೆ. ಇದೇ ಪರೀಕ್ಷೆಯನ್ನು ಪಿಎಚ್ 8, 7, 6.5ರಲ್ಲಿ ಮಾಡಿ ಉಳಿದ ಅಲ್ಯೂಮಿನಿಯಂ ಅನ್ನೂ ಬರೆದಿಡಿ.

ಲೀಟರಿಗೆ 8 ಮಿ.ಗ್ರಾಂ ಸಾಕು ಎಂದು ತಿಳಿದರೆ, ಗಂಟೆಗೆ ಸಾವಿರ ಲೀಟರಿನ ಘಟಕಕ್ಕೆ 24 ಆಂಪಿಯರ್ ಬೇಕು. ಚದರ ಮೀಟರಿಗೆ 20 ಆಂಪಿಯರ್ ಹಿಡಿದರೆ ಧನ ಪ್ಲೇಟುಗಳ ವಿಸ್ತೀರ್ಣ 1.2 ಚದರ ಮೀಟರ್. 40×30 ಸೆಂ.ಮೀ. ಮುಳುಗುವ 3 ಮಿ.ಮೀ. ದಪ್ಪದ 11 ಪ್ಲೇಟುಗಳನ್ನು 1 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ, ಒಂದು ಬಿಟ್ಟು ಒಂದನ್ನು ಎರಡು ಗುಂಪಾಗಿ ಜೋಡಿಸಿದರೆ ಎರಡೂ ಕಡೆ ಸರಿಯಾಗಿ ಅಷ್ಟೇ ವಿಸ್ತೀರ್ಣ ಸಿಗುತ್ತದೆ. 1050 ಅಥವಾ 1100 ದರ್ಜೆಯ ಹೊಸ ಶೀಟನ್ನೇ ತನ್ನಿ. ಗುಜರಿಯ ಮಿಶ್ರಲೋಹದಲ್ಲಿ ಸೀಸ, ಸತುವು ಇದ್ದರೆ ಅದೂ ಕುಡಿಯುವ ನೀರಿಗೇ ಬರುತ್ತದೆ. ವಾಹಕತೆ ಸೆಂ.ಮೀ.ಗೆ 400 ಮೈಕ್ರೋಸೀಮನ್ಸ್ ಇರುವ ನೀರಿಗೆ ಸುಮಾರು 7 ವೋಲ್ಟ್ ಬೇಕಾಗುತ್ತದೆ. ಸಾವಿರ ಲೀಟರಿಗೆ ಯೂನಿಟ್‌ನ ಐದನೆಯ ಒಂದು ಭಾಗದಷ್ಟು ವಿದ್ಯುತ್. ಪ್ಲೇಟುಗಳಿರುವ ತೊಟ್ಟಿ (ಸೆಲ್) ಆದ ಮೇಲೆ ನಿಧಾನ ಕಲಕುವ 400 ಲೀಟರ್ ಡ್ರಮ್, 2,000 ಲೀಟರಿನ ತಿಳಿಗೊಳಿಸುವ ಟ್ಯಾಂಕು, 50 ಸೆಂ.ಮೀ. ವ್ಯಾಸದ ಮರಳು ಫಿಲ್ಟರ್.

ಕೆಡುವುದು ಹೆಚ್ಚಾಗಿ ಪ್ಲೇಟಿನಲ್ಲೇ. ಗಡಸು ನೀರಾದ್ದರಿಂದ ಋಣ ಪ್ಲೇಟಿನ ಮೇಲೆ ಸುಣ್ಣ ಕಟ್ಟುತ್ತದೆ, ಧನ ಪ್ಲೇಟಿನ ಮೇಲೆ ಆಕ್ಸೈಡ್. 15ರಿಂದ 30 ನಿಮಿಷಕ್ಕೊಮ್ಮೆ ಧ್ರುವ ಬದಲಿಸುವ ಟೈಮರ್ ಇದ್ದರೆ ಇದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಅದೇ ಆಂಪಿಯರ್‌ಗೆ 7 ಇದ್ದ ವೋಲ್ಟೇಜ್ 9 ಆಯಿತೆಂದರೆ ಪ್ಲೇಟು ಹೊರತೆಗೆದು, ಶೇ. 5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಅದ್ದಿ ತೊಳೆಯಬೇಕು. ದಿನಕ್ಕೆ ಹತ್ತು ಗಂಟೆ ನಡೆದರೆ ಪ್ಲೇಟು ಎರಡು, ಎರಡೂವರೆ ತಿಂಗಳು ಬರುತ್ತದೆ. ತಾಮ್ರದ ತಂತಿಯ ಜೋಡಣೆ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಲಿ.

ತ್ರೀ ಫೇಸ್ ಬಂದು ಹೋಗುವ ಊರುಗಳಲ್ಲಿ ಪಂಪು ಮತ್ತು ಡಿಸಿ ಸಪ್ಲೈ ಒಂದಕ್ಕೊಂದು ಕಟ್ಟುಬಿದ್ದಿರಬೇಕು. ಡಿಸಿ ನಿಂತು ಪಂಪು ಓಡಿದರೆ ಶುದ್ಧವಾಗದ ನೀರು ಟ್ಯಾಂಕ್ ಸೇರುತ್ತದೆ. ಪಂಪು ನಿಂತು ಡಿಸಿ ಓಡಿದರೆ ಸೆಲ್ ಬಿಸಿಯಾಗುತ್ತದೆ. 24 ಆಂಪಿಯರ್‌ಗೆ ಗಂಟೆಗೆ ಸುಮಾರು 11 ಲೀಟರ್ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಶೇ. 4 ಸೇರಿದರೆ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. ಸೆಲ್ ಮೇಲೆ ಬಿಗಿ ಮುಚ್ಚಳ ಹಾಕಬೇಡಿ, ಕೋಣೆಯ ಸೂರಿಗೆ ಹತ್ತಿರ ಕಿಂಡಿ ಬಿಡಿ.

ಮೊಳಕಾಲ್ಮುರು, ಚಳ್ಳಕೆರೆ, ಜಗಳೂರಿನ ಕಡೆ ಬೋರ್‌ವೆಲ್ ನೀರನ್ನೂ ಇದೇ ಯಂತ್ರಕ್ಕೆ ಬೆರೆಸಿ ಫ್ಲೋರೈಡನ್ನೂ ತೆಗೆಯೋಣ ಎನ್ನುತ್ತಾರೆ. ಅಲ್ಯೂಮಿನಿಯಂ ಫ್ಲೋರೈಡ್ ತೆಗೆಯುತ್ತದೆ ನಿಜ, ಆದರೆ ಅದಕ್ಕೆ ಬೇಕಾದ ಡೋಸ್ ಇದರ ಹಲವು ಪಟ್ಟು. ಮೇಲಾಗಿ ಫ್ಲೋರೈಡ್ ಮತ್ತು ಹ್ಯೂಮಿಕ್ ಒಂದೇ ಅಲ್ಯೂಮಿನಿಯಂಗೆ ಪೈಪೋಟಿ ಮಾಡುತ್ತವೆ. ಎರಡನ್ನೂ ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು.

ಬೇಸಿಗೆಯ ಕಥೆ ಬೇರೆ. ನಾಲೆ ನಿಂತು ಕೆರೆ ಇಳಿದಾಗ ನೀರಿನಲ್ಲಿರುವುದು ಹೆಚ್ಚಾಗಿ ಪಾಚಿಯಿಂದ ಬಂದ ಸಾವಯವ ಅಂಶ. ಇದಕ್ಕೆ ಬಣ್ಣ ಕಡಿಮೆ, ಅಲ್ಯೂಮಿನಿಯಂಗೆ ಅಂಟುವುದೂ ಕಡಿಮೆ. 254 ನ್ಯಾನೋಮೀಟರ್‌ನ ಅಳತೆಯನ್ನು ಒಂದು ಮೀಟರ್ ದಪ್ಪದ ನೀರಿನ ಲೆಕ್ಕದಲ್ಲಿ ತೆಗೆದುಕೊಂಡು, ಲೀಟರಿನಲ್ಲಿ ಕರಗಿದ ಸಾವಯವ ಇಂಗಾಲದ ಮಿ.ಗ್ರಾಂನಿಂದ ಭಾಗಿಸಿ. 4ಕ್ಕಿಂತ ಹೆಚ್ಚು ಬಂದರೆ ಇಂಗಾಲದ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆಂದು ನಿರೀಕ್ಷಿಸಬಹುದು; 2ಕ್ಕಿಂತ ಕಡಿಮೆಯಾದರೆ ಕಾಲು ಭಾಗ ಹೋದರೂ ಹೆಚ್ಚು. ಆ ತಿಂಗಳುಗಳಲ್ಲಿ ಆಂಪಿಯರ್ ಏರಿಸದೆ, ಮರಳು ಫಿಲ್ಟರ್ ಆದ ಮೇಲೆ ಸಕ್ರಿಯ ಇಂಗಾಲದ ಒಂದು ಕಾಲಂ ಸೇರಿಸಿ.